ಎರಡು ಗಂಟೆಗೊಂದು ಮಡಿಕೆ

ಸದರ್‌ಲ್ಯಾಂಡ್, ಜೂನ್. ಕರೂವಿನ ಬೋಳುಗುಡ್ಡದ ಮೇಲೆ
ಸೊನ್ನೆಗಿಂತ ಆರು ಕೆಳಗೆ.
ಗುಮ್ಮಟದ ಸೀಳು ತೆರೆಯುವಾಗ ಕಬ್ಬಿಣ ನರಳುತ್ತದೆ,
ಹೆಂಡ್ರಿನಾ ಯಾಫ್ತಾ ಅದಕ್ಕೆ ಆಫ್ರಿಕಾನ್ಸಿನಲ್ಲಿ ಗದರುತ್ತಾಳೆ,
ಹಟದ ಕತ್ತೆಗೆ ಗದರುವ ಹಾಗೆ.
ನಾನು ಕ್ಯಾಮೆರಾದ ಪಂಪು ರಿಪೇರಿಗೆ ಬಂದವನು.

ನೋಡಬೇಕಾದ್ದು ಒಂದು ಜೋಡಿ.
ಒಂದು, ಸತ್ತ ನಕ್ಷತ್ರದ ಗಟ್ಟಿ ಕಾಳು:
ಊರಗಲದ ಮೈಯಲ್ಲಿ ಸೂರ್ಯನಿಗೂ ಮಿಕ್ಕ ಭಾರ,
ಸೆಕೆಂಡಿಗೆ ನಾನೂರು ಸುತ್ತು.
ಇನ್ನೊಂದು, ಅದರ ಬಗಲಲ್ಲೇ ಇದ್ದು ಇದ್ದು
ಮೈಯೆಲ್ಲ ಕೊಟ್ಟು
ನಕ್ಷತ್ರ ಅನ್ನಿಸಿಕೊಳ್ಳಲೂ ಸಾಲದಷ್ಟು ಉಳಿದದ್ದು.

ಆರು ವರ್ಷದ ಹಿಂದೆ ಮೂರು ವಾರ ಹೊತ್ತಿ ಉರಿದಿತ್ತಂತೆ.
ಆಗ ಎಲ್ಲರಿಗೂ ಬೇಕಿತ್ತು.
ಈಗ ಕ್ಷ-ಕಿರಣವಿಲ್ಲ. ಮೇಲೆ ತೇಲುವ ದುರ್ಬೀನು
ಹದಿನೇಳು ತಾಸು ನೆಟ್ಟ ನೋಟದಲ್ಲಿ ಎಣಿಸಿದ್ದು
ಮೂವತ್ತೊಂದು ಕಣ.
ಅರ್ಜಿ ಓದಿದವರು ಅಂಚಿನಲ್ಲಿ ಬರೆದಿದ್ದರು:
ಸುಮ್ಮನಿದೆಯಲ್ಲ, ಏನು ನೋಡುತ್ತೀರಿ?

ಕ್ಷ. ನನ್ನ ಭಾಷೆಯಲ್ಲಿ ಅದೊಂದು ಒತ್ತಕ್ಷರ:
ಮೇಲೆ ಕ ಕೂತಿದೆ, ಕಾಲಡಿಗೆ ಷ ಜೋತಿದೆ,
ಬಿಡಿಸಿ ಬರೆದರೆ ಉಚ್ಚಾರವೇ ಬೇರೆ.
ಇದನ್ನು ಕೆನೈಲ್ವೆಗೆ ಹೇಳಲಿಲ್ಲ. ಅವಳಿಗೆ ಪುರುಸೊತ್ತಿರಲಿಲ್ಲ.

ಮೊದಲ ರಾತ್ರಿ ಮೋಡ. ಎರಡನೆಯದು ಗಾಳಿ.
ಮೂರನೆಯ ರಾತ್ರಿ ಧನುರಾಶಿ ನೆತ್ತಿಗೆ ಬಂತು.
ಹತ್ತು ಹತ್ತು ನಿಮಿಷಕ್ಕೆ ಒಂದೊಂದು ಚಿತ್ರ.
ಕೆನೈಲ್ವೆ ಪರದೆಗೆ ಉಗುರು ತಾಗಿಸಿದಳು: ಈ ಚುಕ್ಕೆಯಲ್ಲ,
ಇದರ ಪಕ್ಕೆಗೆ ಅಂಟಿ ಇನ್ನೊಂದು, ಇದ್ದೂ ಇಲ್ಲದ್ದು.
ಅಡ್ಡ ನಿಂತದ್ದು ಬರೀ ದಾರಿಹೋಕ,
ನಂಟಿಲ್ಲ, ನೆರೆಯಿಲ್ಲ, ಬೆಳಕು ಮಾತ್ರ ಢಾಳು.

ಮೂರು ಗಂಟೆಗೆ ಪರದೆಯ ತುಂಬ ಚೆಲ್ಲಿದ ಸಾಸಿವೆ.
ಅವಳು ಹಣೆ ಒತ್ತಿಕೊಂಡಳು.
"ಹೊತ್ತನ್ನು ಮಡಚಬೇಕು, ಎರಡು ಗಂಟೆಯ ಸುತ್ತಿನ ಅಳತೆಗೆ.
ಹೋದ ಸೆಪ್ಟೆಂಬರಿನ ರಾತ್ರಿಗಳನ್ನೂ ಸೇರಿಸಿದೆ.
ಅಂಚಿಗೆ ಅಂಚು ಕೂರುತ್ತಿಲ್ಲ."

ಹೆಂಡ್ರಿನಾ ಫ್ಲಾಸ್ಕು ಮುಚ್ಚಿದಳು.
ಈ ಕುರ್ಚಿಗೆ ಬರುವ ಮುಂಚೆ ಹನ್ನೊಂದು ವರ್ಷ
ಕೆಳಗಿನ ಹಾಸ್ಟೆಲಿನಲ್ಲಿ ಖಗೋಳದವರ ದುಪ್ಪಟಿ ಒಗೆದವಳು.
"ಮಡಚುವುದು ನನಗೆ ಗೊತ್ತು, ಮಗೂ.
ದೊಡ್ಡ ದುಪ್ಪಟಿಗೆ ಇಬ್ಬರು ಬೇಕು. ಮೂಲೆ ಹಿಡಿ, ಹತ್ತಿರ ಬಾ,
ಮೂಲೆ ಕೊಡು, ಹಿಂದೆ ಹೋಗು, ಜಗ್ಗು.
ಸುಕ್ಕು ಬಿತ್ತು ಅಂದರೆ
ಯಾರೋ ಒಬ್ಬರು ಮೊದಲೇ ನಡೆದುಬಿಟ್ಟಿದ್ದಾರೆ."

ಕೆನೈಲ್ವೆ ಅವಳನ್ನೇ ನೋಡಿದಳು. ಸ್ವಲ್ಪ ಹೊತ್ತು.
ನಡೆದದ್ದು ನಾವು.
ಈ ಗುಡ್ಡ, ಈ ಕುರಿ, ಈ ಫ್ಲಾಸ್ಕು ಸಮೇತ ಭೂಮಿ
ಸೆಪ್ಟೆಂಬರಿನಲ್ಲಿ ಒಂದು ಕಡೆ, ಜೂನಿನಲ್ಲಿ ಇನ್ನೊಂದು ಕಡೆ:
ಬೆಳಕಿನ ಎಂಟು ನಿಮಿಷದ ದಾರಿ. ಕಳೆಯಲು ಮರೆತಿದ್ದಳು.
ಕಳೆದಳು. ಮತ್ತೆ ಮಡಚಿದಳು.

ಸಾಸಿವೆ ಸಾಲು ಹಿಡಿಯಿತು. ಒಂದು ಏರು, ಒಂದು ಇಳಿ,
ಮಲಗಿದವರ ಉಸಿರಿಗೆ ಹೊದಿಕೆ ಎದ್ದಷ್ಟೇ.

ಬಡಕಲು ಜೊತೆಗಾರನ ಒಂದು ಕೆನ್ನೆ ಬಿಸಿಯಾಗಿದೆ.
ಒಲೆಯಲ್ಲಿ ಕೆಂಡ ಕಾಣುವುದಿಲ್ಲ,
ಮೂವತ್ತೊಂದು ಕಣಕ್ಕೆ ಯಾರ ಕೆನ್ನೆಯೂ ಕಾಯುವುದಿಲ್ಲ,
ಆದರೂ ಕಾದಿದೆ.
"ಅಂದರೆ ಅದು ಇನ್ನೂ ತಿರುಗುತ್ತಿದೆ, ಗಾಳಿ ಬೀಸುತ್ತಿದೆ," ಅಂದೆ.
"'ಇರಬೇಕು' ಅಂತ ಬರಿ," ಅಂದಳು ಕೆನೈಲ್ವೆ, ಕಣ್ಣು ಒರೆಸಿಕೊಂಡು.

ನಾಲ್ಕನೆಯ ರಾತ್ರಿ, ಪಕ್ಕದ ಗುಮ್ಮಟ, ಅವಗೆಂಪು.
ನನ್ನ ಪಂಪು ಕೈಕೊಟ್ಟಿತು.
ಕ್ಯಾಮೆರಾ ತನ್ನ ಮೈಬಿಸಿಯನ್ನೇ ನೋಡಿಕೊಳ್ಳುತ್ತ ಕೂತಿತು
ಬೆಳಗಾಗುವ ತನಕ.
ಟಿಪ್ಪಣಿಯಲ್ಲಿ ಬರೆದದ್ದು ಒಂದೇ ಸಾಲು: ಇದ್ದರೆ, ಇದಕ್ಕಿಂತ ಮಂಕು.

ಇಳಿದು ಬಂದಾಗ ಹಾಸ್ಟೆಲಿನ ಹಿಂದೆ
ಯಾರೋ ತಂತಿಯ ಮೇಲೆ ಮರೆತ ದುಪ್ಪಟಿ
ಹಲಗೆಯಂತೆ ಸೆಟೆದಿತ್ತು. ಹೆಂಡ್ರಿನಾ ಬೆರಳಲ್ಲಿ ಬಡಿದಳು, ಠಣ್.
ಮೂಡಣದ ಮಗ್ಗುಲು ಆಗಲೇ ತೊಟ್ಟಿಕ್ಕುತ್ತಿತ್ತು,
ಪಡುವಣದ ಮಗ್ಗುಲಲ್ಲಿ ಇನ್ನೂ ಮಂಜುಗಡ್ಡೆ.
ಕೆನೈಲ್ವೆ ಒಂದು ಮೂಲೆಗೆ ಕೈ ಹಾಕಿದಳು.
"ಈಗಲೇ ಬೇಡ," ಅಂದಳು ಹೆಂಡ್ರಿನಾ, "ಮುರಿಯುತ್ತೆ."